ಚೆಕ್ಕರ್ ಸರಿಯಿದೆ ಅಂತ ಖಾತ್ರಿ ಮಾಡ್ಕೊಳ್ಳೋದು ಹೇಗೆ?

ಕಾಳಿ_ದಂಡೆ (ಕಾರವಾರ)
ಕಾಲೇಜಿನ ಪ್ರೋಗ್ರಾಮಿಂಗ್ ಪ್ರಾಕ್ಟೀಸ್ ಕಂಟೆಸ್ಟ್‌ಗೆ ಒಂದು ಪ್ರಾಬ್ಲಂ: 1ನೇ ಊರು ಕಾರವಾರ, ಕೊನೇ ಊರು ಶಿರಸಿ, ಅತಿ ಕಡಿಮೆ ಟೋಲ್‌ನ ದಾರಿ ಪ್ರಿಂಟ್ ಮಾಡ್ಬೇಕು. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿದ್ರೂ ಅಂಕೋಲಾ-ಯಲ್ಲಾಪುರದ ಮೇಲೆ ಹೋದ್ರೂ ಟೋಲ್ ಒಂದೇ ಆದ್ರೆ ಎರಡೂ ಸರಿ. ಹಾಗಾಗಿ ಚೆಕ್ಕರ್ (ಸ್ಪರ್ಧಿಯ ಉತ್ತರ ಸರಿಯಾ ಅಂತ ನೋಡೋ ಪ್ರೋಗ್ರಾಂ) ಬೇಕೇ ಬೇಕು. ಊರು, ರಸ್ತೆ ಎರಡೂ 2 ಲಕ್ಷದವರೆಗೆ. ಟೋಲ್ 1ರಿಂದ 100 ಕೋಟಿ. ಔಟ್‌ಪುಟ್: ಮೊತ್ತ, ಊರುಗಳ ಸಂಖ್ಯೆ, ಊರುಗಳು. ದಾರಿ ಇಲ್ಲದಿದ್ರೆ -1.

ಅದನ್ನು ಟೆಸ್ಟ್‌ಲಿಬ್‌ನಲ್ಲಿ (ಚೆಕ್ಕರ್ ಬರೆಯೋಕಿರೋ C++ ಲೈಬ್ರರಿ) ಬರ್ದಿದ್ದೇನೆ. ಮೊತ್ತ ಜ್ಯೂರಿಯದಕ್ಕೆ (ಪ್ರಾಬ್ಲಂ ಕೊಟ್ಟವರ ಉತ್ತರಕ್ಕೆ) ಸಮ ಇದ್ಯಾ, ಅಕ್ಕಪಕ್ಕದ ಊರುಗಳ ನಡುವೆ ರಸ್ತೆ ಇದ್ಯಾ ಅಂತ ನೋಡ್ತದೆ. ಸರಿ ಉತ್ತರಗಳೆಲ್ಲ ಪಾಸ್ ಆಗ್ತಿವೆ. ಇಷ್ಟು ಸಾಕಾ?

ಘಟ್ಟದ_ಮೇಲೆ (ಶಿರಸಿ)
ಸಾಲ್ದು ಮಾರಾಯ್ರೇ. ಸರಿ ಉತ್ತರ ಪಾಸ್ ಆಗೋದು ದೊಡ್ಡ ವಿಷಯ ಅಲ್ಲ, ತಪ್ಪು ಉತ್ತರ ಬೀಳ್ತದಾ ನೋಡಿ. ಸರಿಯಾದ ಮೊತ್ತ ಬರ್ದು ಕೆಳಗೆ ಬಳಸು ದಾರಿ ಕೊಟ್ಟವನೂ ನಿಮ್ಮಲ್ಲಿ ಪಾಸ್! ಅವನು ಬರೆದ ಮೊತ್ತ ನಂಬ್ಬೇಡಿ, ದಾರಿಯ ಟೋಲ್ ನೀವೇ ಕೂಡಿ. ಎರಡು ಊರಿನ ನಡುವೆ ಹಲವು ರಸ್ತೆ ಇದ್ರೆ ಕಡಿಮೆಯದ್ದು ಹಿಡೀಬೇಕು. ಮ್ಯಾಪ್‌ನಲ್ಲಿ (ಊರಿನ ಜೋಡಿಗೆ ಟೋಲ್ ಬರ್ದಿಡೋ ಕೋಡ್‌ನ ಪಟ್ಟಿ) ಕೊನೇ ರಸ್ತೆ ಮೊದಲಿನದ್ದನ್ನು ಅಳಿಸಿದ್ರೆ ಸರಿ ಉತ್ತರವೇ ಬೀಳ್ತದೆ. ದಾರಿ 1ರಲ್ಲಿ ಶುರುವಾಗಿ ಕೊನೇ ಊರಲ್ಲೇ ಮುಗೀತದಾ ಅನ್ನೋದೂ ನಿಮ್ಮ ಚೆಕ್‌ನಲ್ಲಿ ಕಾಣ್ಲಿಲ್ಲ.

ಓದುವಾಗ್ಲೇ ರೀಡ್‌ಇಂಟ್‌ಗೆ (ಪೂರ್ಣಾಂಕ ಓದೋ ಟೆಸ್ಟ್‌ಲಿಬ್ ಫಂಕ್ಷನ್) ಮಿತಿ ಕೊಡಿ. ಮಿತಿ ಇಲ್ದೆ ಊರಿನ ನಂಬರ್ -7 ಬಂದ್ರೆ ಅರೇ ಆಚೆ ಹೋಗಿ ಚೆಕ್ಕರೇ ಕ್ರ್ಯಾಶ್. ಟೋಲ್ ಕನಿಷ್ಠ 1 ಇರೋದ್ರಿಂದ ಅತಿ ಕಡಿಮೆ ದಾರಿಯಲ್ಲಿ ಯಾವ ಊರೂ ಎರಡು ಸಲ ಬರೋದಿಲ್ಲ, ಹಾಗಾಗಿ ಊರುಗಳ ಸಂಖ್ಯೆಗೂ ಮಿತಿ ಸಿಕ್ತು.

ಸ್ಪರ್ಧಿಯ ದಾರಿ ಸರಿಯಿದ್ದು ಜ್ಯೂರಿಗಿಂತ ಕಡಿಮೆ ಬಂದ್ರೆ ರಾಂಗ್ ಆನ್ಸರ್ ಕೊಡ್ಬೇಡಿ, ಫೇಲ್ (ನಮ್ಮ ಕಡೆಯೇ ತಪ್ಪು ಅನ್ನೋ ಟೆಸ್ಟ್‌ಲಿಬ್ ತೀರ್ಪು) ಕೊಡಿ. ತಪ್ಪು ಜ್ಯೂರಿಯದ್ದು. ಜ್ಯೂರಿ -1 ಅಂದಲ್ಲಿ ಅವನು ದಾರಿ ತೋರ್ಸಿದ್ರೂ ಅದೇ. ಇದಕ್ಕೇ ಜ್ಯೂರಿ ಉತ್ತರವನ್ನೂ ಸ್ಪರ್ಧಿಯದ್ದನ್ನೂ ಒಂದೇ ಫಂಕ್ಷನ್‌ನಲ್ಲಿ ಓದೋದು.

ಅಘನಾಶಿನಿ (ಕುಮಟಾ)
ಮೊತ್ತ 2 ಕೋಟಿ ಕೋಟಿ ಹತ್ತಿರ ಹೋಗ್ತದೆ, 64 ಬಿಟ್ ಬೇಕು. 32 ಬಿಟ್‌ನಲ್ಲಿ ಕೂಡ್ತಿದ್ರೆ ಹಿಡಿಯೋಕೆ ಈ ಟೆಸ್ಟ್ ಹಾಕಿ: 6 ಊರು, 1ರಿಂದ 6ಕ್ಕೆ ನೇರ ರಸ್ತೆ ಟೋಲ್ 5. ಜೊತೆಗೆ 1-2-3-4-5-6 ಸಾಲು, ನಾಲ್ಕು ರಸ್ತೆಗೆ 100 ಕೋಟಿ, ಕೊನೇದಕ್ಕೆ 29,49,67,301. ಸಾಲಿನ ಮೊತ್ತ 2ರ 32ನೇ ಘಾತಕ್ಕಿಂತ ಸರಿಯಾಗಿ 5 ಹೆಚ್ಚು, 32 ಬಿಟ್‌ನಲ್ಲಿ ಹಿಡಿಸದೆ ಸುತ್ತಿ ಬಂದು 5 ಆಗ್ತದೆ. ಮೊತ್ತ 5 ಅಂತ ಬರ್ದು ಆ ಉದ್ದದ ದಾರಿ ಕೊಡಿ. ಪಾಸ್ ಆದ್ರೆ ಚೆಕ್ಕರ್ ಕೆಟ್ಟಿದೆ.

ಕಾಳಿ_ದಂಡೆ
ಉತ್ತರದ ಕೆಳಗೆ ಡೀಬಗ್ ಪ್ರಿಂಟ್ ಉಳಿದಿದ್ರೆ? ಅದಕ್ಕೂ ಬೇರೆ ಚೆಕ್ ಬರೀಬೇಕಾ?

ಘಟ್ಟದ_ಮೇಲೆ (ಶಿರಸಿ)
ಬೇಡ. ಓಕೆ ಕೊಡುವಾಗ ಸ್ಪರ್ಧಿಯ ಫೈಲ್ ಮುಗ್ದಿದೆಯಾ ಅಂತ ಟೆಸ್ಟ್‌ಲಿಬ್ಬೇ ನೋಡಿ, ಉಳಿದಿದ್ರೆ ಪ್ರೆಸೆಂಟೇಶನ್ ಎರರ್ ಕೊಡ್ತದೆ. ಆದ್ರೆ -1 ಕಂಡ ಕೂಡ್ಲೇ ರಿಟರ್ನ್ ಝೀರೋ ಹಾಕಿ ಹೊರಗೆ ಬರ್ಬೇಡಿ, ಅಲ್ಲೂ ಕ್ವಿಟ್‌ಎಫ್‌ನಿಂದ್ಲೇ (ತೀರ್ಪು ಕೊಟ್ಟು ಮುಗಿಸೋ ಟೆಸ್ಟ್‌ಲಿಬ್ ಫಂಕ್ಷನ್) ಮುಗ್ಸಿ.