ಗಾಜಿನ ಬೋಗುಣಿ ಕಟ್ಟೆ ಮೇಲಿಟ್ಟ ತಕ್ಷಣ ಸೀಳಿತು, ಯಾಕೆ?

ಮೈಸೂರಿನಿಂದ ಪ್ರಶ್ನೆ:

ಮೊನ್ನೆ ಓವನ್‌ನಲ್ಲಿ ತರಕಾರಿ ಬೇಯಿಸಿ, ಗಾಜಿನ ಬೋಗುಣಿಯನ್ನು ಮಸಿಬಟ್ಟೆಯಲ್ಲಿ ಹಿಡಿದು ಹೊರಗೆ ತೆಗೆದೆ. ಗ್ರಾನೈಟ್ ಕಟ್ಟೆಯನ್ನು ಆಗತಾನೇ ಒರೆಸಿದ್ದೆ. ಅದರ ಮೇಲೆ ಇಟ್ಟಿದ್ದೇ ತಡ, ಚಟ್ ಅಂತ ಸದ್ದು, ತಳ ಎರಡು ಹೋಳು. ಓವನ್‌ಗೆ ಆಗುತ್ತದೆ ಅಂತಲೇ ಡಬ್ಬಿ ಮೇಲೆ ಬರೆದಿತ್ತು. ಗಾಜಿನ ಪಾತ್ರೆ ಬಳಸುವವರು ಹೇಗೆ ಕಾಪಾಡಿಕೊಳ್ಳುತ್ತೀರಿ? ಇನ್ನೊಂದು ಕೊಳ್ಳುವಾಗ ಏನು ನೋಡಬೇಕು?

ಶಿವಮೊಗ್ಗದಿಂದ:

ಕೈಗೆ ಏನೂ ಆಗಲಿಲ್ಲ ತಾನೇ? ಆ ಅಡುಗೆಯನ್ನು ದಯವಿಟ್ಟು ತಿನ್ನಬೇಡಿ, ಸಣ್ಣ ಚೂರು ಕಣ್ಣಿಗೆ ಕಾಣುವುದಿಲ್ಲ.

ನಿಮ್ಮ ಪಾತ್ರೆ ಬರೀ ಬಿಸಿಗೆ ಒಡೆದದ್ದಲ್ಲ. ಒಂದು ಕಡೆ ಬಿಸಿ, ಇನ್ನೊಂದು ಕಡೆ ತಣ್ಣಗಾದದ್ದಕ್ಕೆ ಒಡೆಯಿತು. ಗಾಜಿನಲ್ಲಿ ಶಾಖ ಹರಿಯುವುದು ಬಹಳ ನಿಧಾನ, ಸ್ಟೀಲಿಗಿಂತ ಸುಮಾರು 15 ಪಟ್ಟು ನಿಧಾನ. ರಸ್ತೆ ಬದಿಯಲ್ಲಿ ಟೀ ಕುಡಿಯುವಾಗ ನೋಡಿ. ಗಾಜಿನ ಲೋಟದ ಮುಕ್ಕಾಲು ಭಾಗ ಸುಡುವ ಟೀ ಇದ್ದರೂ ಮೇಲಿನ ಅಂಚನ್ನು ಎರಡು ಬೆರಳಲ್ಲಿ ಹಿಡಿಯಬಹುದು. ಸ್ಟೀಲ್ ಲೋಟವಾದರೆ ಬಿಸಿ ಬೇಗ ಮೇಲಕ್ಕೇರುತ್ತದೆ, ಹೊರಕ್ಕೆ ಮಡಿಚಿದ ಕಂಠ ಇಲ್ಲದಿದ್ದರೆ ಹಿಡಿಯುವುದೇ ಕಷ್ಟ.

ನಿಮ್ಮ ಬೋಗುಣಿಯ ತಳ ಒದ್ದೆ ಕಲ್ಲಿಗೆ ತಾಗಿದೊಡನೆ ಹೊರಮೈ ಥಟ್ಟನೆ ತಣಿದು ಕುಗ್ಗಲು ಹೋಯಿತು. ಒಳಮೈ ಇನ್ನೂ ಹಿಗ್ಗಿಕೊಂಡೇ ಇತ್ತು. ಆ ಎಳೆದಾಟದಲ್ಲಿ ಹೊರಮೈ ಸೀಳಿತು. ಗಾಜು ಒತ್ತಿದರೆ ತಡೆಯುತ್ತದೆ, ಎಳೆದರೆ ತಡೆಯುವುದಿಲ್ಲ. ಹಾಗಾಗಿಯೇ ತಣ್ಣನೆ ಗಾಜನ್ನು ಕಾಯಿಸುವುದಕ್ಕಿಂತ ಕಾದ ಗಾಜನ್ನು ಒಮ್ಮೆಗೇ ತಣಿಸುವುದು ಜಾಸ್ತಿ ಅಪಾಯ.

ನನ್ನ ಕೈಯಲ್ಲಿ ಒಡೆದದ್ದು ಉಪ್ಪಿನಕಾಯಿ ಬಾಟಲಿ. ದಪ್ಪ ಗಾಜು, ಗಟ್ಟಿ ಇರುತ್ತದೆ ಅಂದುಕೊಂಡಿದ್ದೆ. ತೊಳೆದು ಕುದಿನೀರು ಹುಯ್ದೆ. ತಳವೇ ಬಿಲ್ಲೆಯ ಹಾಗೆ ದುಂಡಗೆ ಕಳಚಿ ಸಿಂಕಿಗೆ ಬಿತ್ತು. ದಪ್ಪ ಗಾಜೇ ಬೇಗ ಒಡೆಯುತ್ತದೆ, ಒಳಗಿನ ಬಿಸಿ ಹೊರಗೆ ಮುಟ್ಟಲು ಹೊತ್ತು ಹಿಡಿಯುತ್ತದಲ್ವಾ. ಈಗ ಮೊದಲು ಬೆಚ್ಚನೆ ನೀರು, ಆಮೇಲೆ ಬಿಸಿ, ಕೊನೆಗೆ ಕುದಿನೀರು. ಕೆಳಗೊಂದು ಒಣ ಬಟ್ಟೆ.

ಧಾರವಾಡದಿಂದ:

ಕೊಳ್ಳುವಾಗ ಬೋರೋಸಿಲಿಕೇಟ್ ಅಂತ ಬರೆದಿದೆಯಾ ನೋಡಿ. ಮಾಮೂಲಿ ಗಾಜು ಹಿಗ್ಗುವುದರ ಮೂರನೇ ಒಂದು ಪಾಲಷ್ಟೇ ಇದು ಹಿಗ್ಗುತ್ತದೆ. ಟೆಂಪರ್ಡ್ ಗಾಜು ಬೇರೆ. ಮಾಮೂಲಿ ಗಾಜನ್ನೇ ಕಾಯಿಸಿ, ಹೊರಮೈಯನ್ನು ಬೇಗ ತಣಿಸಿ ಗಟ್ಟಿ ಮಾಡಿದ್ದು ಅದು. ಪೆಟ್ಟು ತಡೆಯುತ್ತದೆ, ಆದರೆ ಒಡೆದರೆ ಒಂದೇ ಸಲಕ್ಕೆ ಚೂರುಚೂರು.

ಕಡಿಮೆ ಹಿಗ್ಗುವ ಗಾಜು ಅಡುಗೆಮನೆಗೆ ಬಂದ ಬಗೆ ನನಗೆ ತುಂಬ ಇಷ್ಟ. ಅಮೆರಿಕದ ರೈಲು ಲಾಟೀನುಗಳ ಗಾಜು ಒಳಗಿನ ಉರಿಗೆ ಕಾದಿರುವಾಗ ಮಳೆಯೋ ಹಿಮವೋ ಬಿದ್ದರೆ ಸೀಳುತ್ತಿತ್ತು. ಅದಕ್ಕೆಂದು ಕಾರ್ನಿಂಗ್ ಕಂಪನಿ ಕಡಿಮೆ ಹಿಗ್ಗುವ ಗಾಜು ಮಾಡಿತು. ಅಲ್ಲಿ ಕೆಲಸದಲ್ಲಿದ್ದ ಜೆಸ್ಸಿ ಲಿಟಲ್ಟನ್ 1913ರಲ್ಲಿ ಅಂಥ ಗಾಜಿನ ಬ್ಯಾಟರಿ ಜಾಡಿಯ ತಳ ಕತ್ತರಿಸಿ ಮನೆಗೆ ತಂದರು, ಹೆಂಡತಿ ಬೆಸ್ಸಿ ಅದರಲ್ಲಿ ಕೇಕ್ ಬೇಯಿಸಿದರು. 1915ಕ್ಕೆ ಪೈರೆಕ್ಸ್ ಅನ್ನುವ ಹೆಸರಲ್ಲಿ ಅಂಥ ಗಾಜಿನ ಅಡುಗೆ ಪಾತ್ರೆ ಮಾರಾಟಕ್ಕೆ ಬಂತು. ನಿಮ್ಮ ಒದ್ದೆ ಕಟ್ಟೆಯೂ ಆ ಲಾಟೀನಿನ ಮಳೆಯೂ ಒಂದೇ ನೋಡಿ.

ಮಂಗಳೂರಿನಿಂದ:

ಹದಿನೈದು ವರ್ಷದಿಂದ ಮನೆಯಲ್ಲೇ ಕೇಕ್ ಮಾಡುತ್ತೇನೆ. ಗಾಜು ಕಾಯಲು ನಿಧಾನ, ಕಾದ ಮೇಲೆ ಆರಲೂ ನಿಧಾನ. ಓವನ್ ಆಫ್ ಮಾಡಿದ ಮೇಲೂ ಕೇಕಿನ ತಳ ಕೆಂಪಾಗುತ್ತಲೇ ಇರುತ್ತದೆ. ಅಲ್ಯೂಮಿನಿಯಂ ಟ್ರೇಗೆ 180 ಡಿಗ್ರಿ ಆದರೆ ಗಾಜಿಗೆ 165 ಇಡುತ್ತೇನೆ. ಹೊರಗೆ ತೆಗೆದರೆ ಒಣ ಮರದ ಹಲಗೆ ಮೇಲೆಯೇ. ಫ್ರಿಜ್‌ನಿಂದ ತೆಗೆದದ್ದನ್ನು ನೇರ ಓವನ್‌ಗೆ ಇಡುವುದಿಲ್ಲ.

ಒಂದು ಕೇಳಲಾ ಅಕ್ಕಾ, ಬೋಗುಣಿಯನ್ನು ಸ್ಟೀಲ್ ಸ್ಕ್ರಬ್ಬರ್‌ನಲ್ಲಿ ಉಜ್ಜುತ್ತಿದ್ದಿರಾ? ಸೀಳು ಸಾಮಾನ್ಯವಾಗಿ ಗೀರು ಇದ್ದಲ್ಲಿಂದಲೇ ಹೊರಡುತ್ತದೆ.

ಮೈಸೂರಿನಿಂದ:

ಅಡುಗೆ ಎಸೆದೆ, ಕೈಗೆ ಏನೂ ಆಗಿಲ್ಲ. ಎಲ್ಲರಿಗೂ ತುಂಬ ಥ್ಯಾಂಕ್ಸ್. ಈಗ ಹೋಳುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ತಳದ ಹೊರಗೆಲ್ಲ ಕೂದಲಿನಷ್ಟು ಸಣ್ಣ ಗೀರುಗಳು. ಹೌದು, ಸ್ಟೀಲ್ ಸ್ಕ್ರಬ್ಬರೇ. ಇವತ್ತೇ ನಾರಿನದು ತಂದಿದ್ದೇನೆ.