ಅಪ್‌ಡೇಟ್: ಗೆಳತಿಯ ನಿಶ್ಚಿತಾರ್ಥಕ್ಕೆ ಕೊನೆಗೆ ಆಲ್ಬಮ್ ಕೊಟ್ಟೆ

ಗೆಳತಿಯ ನಿಶ್ಚಿತಾರ್ಥಕ್ಕೆ ವರ್ಷಗಟ್ಟಲೆ ಉಳಿಯುವಂಥ ಉಡುಗೊರೆ ಯಾವುದು, ಬೆಳ್ಳಿ ಫ್ರೇಮ್ ಆದೀತಾ ಎಂದು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಫ್ರೇಮ್ ಬಿಟ್ಟೆ. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಬೆಳ್ಳಿ ಕಪ್ಪಾಗುತ್ತದೆ, ಆಗಾಗ ಉಜ್ಜುತ್ತಿರಬೇಕು ಎಂದು ನಿಮ್ಮಲ್ಲೊಬ್ಬರು ಹೇಳಿದ್ದು ಸರಿ ಅನ್ನಿಸಿತು.

ಕೊಟ್ಟಿದ್ದು ಫೋಟೊ ಆಲ್ಬಮ್. ಸಿಕ್ಕಿದ್ದನ್ನು ಸುಮ್ನೆ ತಂದಿದ್ದಲ್ಲ. ಕಾಗದದಲ್ಲಿ ಆಮ್ಲದ ಅಂಶ ಇದ್ದರೆ ಅದು ಹಳದಿಯಾಗಿ, ಮುಟ್ಟಿದರೆ ಮುರಿಯುವಂತಾಗುತ್ತದೆ. ಜೊತೆಗಿರುವ ಫೋಟೊವನ್ನೂ ಕೆಡಿಸುತ್ತದೆ. ಹಾಗಾಗಿ ಆಸಿಡ್-ಫ್ರೀ ಹಾಳೆಯದ್ದನ್ನೇ ಹುಡುಕಿದೆ. ಪಿವಿಸಿ ಕವರ್ ಇರುವುದನ್ನೂ, ಅಂಟು ಬಳಿದ ಹಾಳೆಯದ್ದನ್ನೂ ಬೇಡ ಅಂದೆ. ಫೋಟೊದ ನಾಲ್ಕು ಮೂಲೆ ಹಿಡಿಯುವ ಪುಟ್ಟ ಕಾರ್ನರ್‌ಗಳು ಸಿಗುತ್ತವೆ, ಅವನ್ನೇ ಬಳಸಿದೆ. ಬೇಕೆಂದಾಗ ಫೋಟೊ ಹರಿಯದೆ ಹೊರಗೆ ಬರುತ್ತದೆ.

ಮೊದಲ 6 ಪುಟ ನಾನೇ ತುಂಬಿಸಿದೆ. ಇಬ್ಬರ ಬಾಲ್ಯದ ಫೋಟೊಗಳನ್ನು ಅವರವರ ಅಮ್ಮಂದಿರಿಂದ ಗುಟ್ಟಾಗಿ ತರಿಸಿಕೊಂಡಿದ್ದೆ. ಕೆಳಗೆ ಪಿಗ್ಮೆಂಟ್ ಇಂಕ್ ಪೆನ್ನಿನಲ್ಲಿ ಒಂದೊಂದು ಸಾಲು ಬರೆದೆ. ಆ ಶಾಯಿ ಬೇಗ ಮಾಸುವುದಿಲ್ಲ. ಉಳಿದ ಪುಟಗಳನ್ನು ಖಾಲಿ ಬಿಟ್ಟೆ. ಅವು ಅವರಿಬ್ಬರದ್ದೇ ಅಲ್ವಾ? ಬಿಸಿಲು ಬೀಳದ ಕಡೆ ಇಡು ಎಂದಷ್ಟೇ ಹೇಳಿದೆ.

ಮೊದಲ ಪುಟ ತೆರೆದು ಅವಳು ಎಷ್ಟೋ ಹೊತ್ತು ಮಾತೇ ಆಡಲಿಲ್ಲ. ಅವಳ ಹಲ್ಲಿಲ್ಲದ ಫೋಟೊ ನೋಡಿ ಹುಡುಗ ನಕ್ಕಿದ್ದೇ ನಕ್ಕಿದ್ದು. ನನಗೂ ಕಣ್ಣು ತುಂಬಿ ಬಂತು.

ಮೊನ್ನೆ ಫೋನ್ ಮಾಡಿದ್ದಳು. ಏಳನೇ ಪುಟಕ್ಕೆ ನಿಶ್ಚಿತಾರ್ಥದ ಫೋಟೊ ಹಾಕಿದ್ದಾಳಂತೆ.