ಬಡವರ ನಿಧಿಯ ಹಂಚಿಕೆಯಲ್ಲಿ ತಾರತಮ್ಯದ ದೂರು: ಆದಿ ಸಭೆ ಏನು ಮಾಡಿತು?

ಸಭೆಯ ಖಜಾಂಚಿ, ಸಕಲೇಶಪುರ:
ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ನಮ್ಮದು ಸಣ್ಣ ಕ್ರೈಸ್ತ ಸಭೆ. ಬಡವರ ನಿಧಿಯ ಲೆಕ್ಕ ನನ್ನ ಕೈಲಿದೆ. ತಿಂಗಳಿಗೊಮ್ಮೆ ವಿಧವೆಯರ ಮನೆಗೆ ಅಕ್ಕಿ, ಬೇಳೆ, ಎಣ್ಣೆ ಕೊಡುತ್ತೇವೆ. ತೋಟದ ಲೈನ್ ಮನೆಗಳಲ್ಲಿರುವ ತಮಿಳು ಕುಟುಂಬಗಳೂ ಈಗ ಸಭೆಗೆ ಬರುತ್ತಿವೆ. ‘ನಮ್ಮ ಅಜ್ಜಿಯರ ಹೆಸರು ಪಟ್ಟಿಗೆ ಬರೋದೇ ಇಲ್ಲ’ ಅಂತ ಅವರ ದೂರು. ಪಟ್ಟಿ ನೋಡಿದರೆ ಅದು ನಿಜವೇ. ಕೆಲವು ಹಿರಿಯರು ‘ಗೊಣಗಬಾರದು, ಪ್ರಾರ್ಥನೆ ಮಾಡೋಣ’ ಅನ್ನುತ್ತಾರೆ. ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 6ನೇ ಅಧ್ಯಾಯದಲ್ಲಿ ಇಂಥದ್ದೇ ಇದೆ ಅಲ್ವಾ? ಅದರಿಂದ ನಾವೇನು ಕಲಿಯಬೇಕು?

ಸಂಡೇ ಸ್ಕೂಲ್ ಟೀಚರ್:
ಬ್ರದರ್, ಆ ಅಧ್ಯಾಯ ಅಂದರೆ ಮಕ್ಕಳಿಗೆ ಮೊದಲ ಕ್ರೈಸ್ತ ಹುತಾತ್ಮ ಸ್ತೆಫನನ ಕಥೆ. ನನಗೆ ಅದರ ಮೊದಲ ಆರು ವಚನಗಳೇ ಜಾಸ್ತಿ ಇಷ್ಟ. ಯೆರೂಸಲೇಮಿನ ಸಭೆ ಆಗಿನ್ನೂ ಎಳೆಯದು. ದಿನಾ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋಗುತ್ತಿದ್ದರು. ಗೊಣಗಾಟ ಎದ್ದಿತು. ಸಭೆ ನಡೆಸುತ್ತಿದ್ದ ಯೇಸುವಿನ ಶಿಷ್ಯರು, ಅಂದರೆ ಅಪೊಸ್ತಲರು, ಯಾರನ್ನೂ ಗದರಲಿಲ್ಲ. ಎಲ್ಲರನ್ನೂ ಕರೆದು, ಏಳು ಜನರನ್ನು ನೀವೇ ಆರಿಸಿ ಅಂದರು. ಪ್ರಾರ್ಥನೆಯನ್ನೂ ಮಾಡಿದರು. ಆದರೆ ಆ ಏಳು ಜನರ ಮೇಲೆ ಕೈಯಿಟ್ಟು ಕೆಲಸಕ್ಕೆ ಹಚ್ಚುವಾಗ ಮಾಡಿದ ಪ್ರಾರ್ಥನೆ ಅದು.

ಆ ಹೆಸರುಗಳನ್ನು ಒಮ್ಮೆ ಜೋರಾಗಿ ಓದಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ನಿಕೊಲಾಯನಂತೂ ಅಂತಿಯೋಕ್ಯದವನು, ಹುಟ್ಟಾ ಯೆಹೂದ್ಯನೂ ಅಲ್ಲ. ದೂರು ಹೇಳಿದವರ ಕೈಗೇ ಸೌಟು ಬಂತು! ನಿಮ್ಮಲ್ಲೂ ಲೈನ್ ಮನೆಯವರು ಹಂಚುವವರಾಗಲಿ. ತಮಿಳರ ಪಟ್ಟಿ ಮಾತ್ರ ಅಲ್ಲ, ಇಡೀ ಪಟ್ಟಿ ಅವರ ಕೈಗೂ ಬರಲಿ.

ಬೈಬಲ್ ಓದುಗ:
ಟೀಚರ್, ಹೆಸರು ಗ್ರೀಕ್ ಅಂದ ಮಾತ್ರಕ್ಕೆ ಏಳು ಜನವೂ ಆ ಗುಂಪಿನವರೇ ಅನ್ನೋಕಾಗಲ್ಲ. ಹನ್ನೆರಡು ಶಿಷ್ಯರಲ್ಲೂ ಅಂದ್ರೆಯ, ಫಿಲಿಪ್ಪ ಇದ್ದರಲ್ಲ? ಒಳ್ಳೆಯ ಹೆಸರು ಪಡೆದವರು, ಆತ್ಮಭರಿತರು, ಜ್ಞಾನವಂತರು ಬೇಕು ಅಂತ ಅಪೊಸ್ತಲರು ಕೇಳಿದ್ದು. ಸುಮ್ನೆ ಭಾಷೆ ನೋಡಿ ಆರಿಸಿದರೆ ಸಭೆ ಎರಡಾಗುತ್ತದೆ.

ಸಂಡೇ ಸ್ಕೂಲ್ ಟೀಚರ್:
ಆ ಗುಣಗಳು ಬೇಕೇ ಬೇಕು, ಒಪ್ಪಿದೆ. ಆದರೆ ಲೈನ್ ಮನೆಗಳಲ್ಲಿ ಅಂಥವರು ಇದ್ದಾರಾ ಅಂತ ಯಾರಾದರೂ ಹುಡುಕಿದ್ದಾರಾ? ಈಗಿನ ಪಟ್ಟಿಯೂ ಒಂದೇ ಭಾಷೆಯವರದ್ದೇ ಆಗಿದೆ. ಆ ಅಜ್ಜಿಯರ ಪಾಲಿಗೆ ಸಭೆ ಈಗಾಗಲೇ ಎರಡಾಗಿದೆ, ಬ್ರದರ್.

ಚರಿತ್ರೆ ವಿದ್ಯಾರ್ಥಿ:
ಖಜಾಂಚಿಯವರಿಗೆ ಇದೂ ಉಪಯೋಗವಾಗಬಹುದು. ಉತ್ತರ ಆಫ್ರಿಕಾದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ಕ್ರಿ.ಶ. 197ರ ಸುಮಾರಿಗೆ ತಮ್ಮವರ ನಿಧಿಯ ಬಗ್ಗೆ ಬರೆದಿದ್ದಾನೆ. ತಿಂಗಳಿಗೊಮ್ಮೆ, ಮನಸ್ಸಿದ್ದವರು ಕೈಲಾದಷ್ಟು ಹಾಕುತ್ತಿದ್ದರು. ಬಲವಂತ ಇರಲಿಲ್ಲ. ಆ ಹಣ ಬಡವರ ಊಟಕ್ಕೆ, ಸತ್ತರೆ ಅವರನ್ನು ಮಣ್ಣು ಮಾಡುವುದಕ್ಕೆ, ಅನಾಥ ಮಕ್ಕಳಿಗೆ, ಹಡಗು ಒಡೆದು ಎಲ್ಲಾ ಕಳಕೊಂಡವರಿಗೆ, ಸೆರೆಯಲ್ಲಿದ್ದವರಿಗೆ ಹೋಗುತ್ತಿತ್ತು. 251ರ ಹೊತ್ತಿಗೆ ರೋಮಿನ ಸಭೆ 1500ಕ್ಕೂ ಹೆಚ್ಚು ವಿಧವೆಯರನ್ನೂ ದಿಕ್ಕಿಲ್ಲದವರನ್ನೂ ಸಾಕುತ್ತಿತ್ತು ಅಂತ ಅಲ್ಲಿನ ಬಿಷಪ್ ಕೊರ್ನೇಲಿಯಸ್ ಬರೆದ ಪತ್ರದಲ್ಲಿದೆ.

ಸಭೆಯ ಖಜಾಂಚಿ, ಸಕಲೇಶಪುರ:
ಎಲ್ಲರಿಗೂ ವಂದನೆ. ಭಾನುವಾರ ಆರಾಧನೆ ಮುಗಿದ ಮೇಲೆ ಪಟ್ಟಿಯನ್ನು ಎಲ್ಲರ ಮುಂದೆ ಓದಿ, ಬಿಟ್ಟುಹೋದವರು ಯಾರು ಅಂತ ಕೇಳುತ್ತೇನೆ. ಲೈನ್ ಮನೆಗಳ ಕಷ್ಟಸುಖ ಎಲ್ಲಾ ಗೊತ್ತಿರುವ ಒಬ್ಬ ಅಕ್ಕ ಇದ್ದಾರೆ. ಹೆಂಗಸರನ್ನು ಹಂಚುವ ಕೆಲಸಕ್ಕೆ ಹಾಕಬಹುದಾ ಅಂತ ಹಿರಿಯರು ಕೇಳಿದರೆ?

ಸಂಡೇ ಸ್ಕೂಲ್ ಟೀಚರ್:
ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯ ತೋರಿಸಿ. ಕೊರಿಂಥದ ಹತ್ತಿರದ ಬಂದರು ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆ ನನಗೂ ಅನೇಕರಿಗೂ ನೆರವಾದವಳು ಅಂತ ಪೌಲನೇ ಬರೆದಿದ್ದಾನೆ. ಆ ಅಕ್ಕನನ್ನು ಧೈರ್ಯವಾಗಿ ಸೇರಿಸಿಕೊಳ್ಳಿ. ಭಾನುವಾರ ಪಟ್ಟಿಯನ್ನು ತಮಿಳಲ್ಲೂ ಒಂದು ಸಲ ಓದಿಸಿ.